ತಕ್ಕಡಿಯ ಮೇಲೆ ಶೇಂಗಾ ಉಂಡೆ

ಕೇಳುಗರೆ, ನಮಸ್ಕಾರ.

ನಾಗರ ಪಂಚಮಿ ಮುಗಿದ ವಾರ, ಕೊಪ್ಪಳದಲ್ಲಿ ನಾನು ಭಾರ ಎತ್ತುವುದನ್ನು ಕಲಿಸುವ ವ್ಯಾಯಾಮಶಾಲೆಗೆ ಹುಡುಗರು ಕಳ್ಳ ಮುಖ ಹೊತ್ತು ಬರುತ್ತಾರೆ. ಮನೆಯಲ್ಲಿ ಡಬ್ಬಿಗಟ್ಟಲೆ ಉಂಡೆ: ಶೇಂಗಾ, ಎಳ್ಳು, ಲಡಗಿ, ಹೆಸರು. ಬೇಡ ಎಂದವನ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡುವ ಸೀಮೆ ನಮ್ಮದು. ನನ್ನ ಸೋದರತ್ತೆಯಂತೂ "ಒಂದೇ ಉಂಡೆ ಹಾಕಬಾರದಪ್ಪಾ" ಎಂದು ಎರಡನೆಯದನ್ನು ತಟ್ಟೆಗೆ ಉರುಳಿಸಿಯೇ ಬಿಡುತ್ತಾರೆ.

ಹಬ್ಬಹರಿದಿನಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಿದ್ದ ಹಿರಿಯರೂ ಈ ಉಂಡೆ ತಿಂದವರೇ. ಆದರೆ ಕಲ್ಲು ಇಳಿಸಿದ ಮೇಲೆ ಅವರು ಹೊಲಕ್ಕೆ ಹೋಗುತ್ತಿದ್ದರು, ನಾವು ಕುರ್ಚಿಗೆ ಹೋಗುತ್ತೇವೆ.

ಈ ಸಲ ನಾನು ಮನೆಯ ಉಂಡೆಯೊಂದನ್ನು ತೂಗಿ ನೋಡಿದೆ. 32 ಗ್ರಾಂ. ಅತ್ತೆಯ ಅಳತೆಯಂತೆ ಅದರಲ್ಲಿ ಸುಮಾರು 20 ಗ್ರಾಂ ಶೇಂಗಾ, 12 ಗ್ರಾಂ ಬೆಲ್ಲ. ಒಟ್ಟು 160 ಕ್ಯಾಲೊರಿಯಷ್ಟು. ಪ್ರೋಟೀನು 5 ಗ್ರಾಂ, ಕೊಬ್ಬು ಅದರ ಎರಡು ಪಟ್ಟು. ಒಂದು ಗಂಟೆ ಬೆವರು ಸುರಿಸಿ ಭಾರ ಎತ್ತಿದರೆ ಕರಗುವುದು ಹೆಚ್ಚುಕಡಿಮೆ ಮುನ್ನೂರು ಕ್ಯಾಲೊರಿ. ಅತ್ತೆಯ ಎರಡು ಉಂಡೆಗೆ ಆ ಲೆಕ್ಕ ಚುಕ್ತಾ.

"ಶೇಂಗಾದಲ್ಲಿ ಪ್ರೋಟೀನು ಇದೆಯಲ್ಲ ಸರ್" ಎಂದು ಒಬ್ಬ ವಾದಕ್ಕೆ ನಿಂತ. ಅವನ ತೂಕ 65 ಕಿಲೊ. ಮಾಂಸಖಂಡ ಬೆಳೆಸಲು ಹೊರಟವರಿಗೆ ಕಿಲೊ ಒಂದಕ್ಕೆ 1.6 ಗ್ರಾಂ ಎಂದು ಹಿಡಿದರೆ ದಿನಕ್ಕೆ 104 ಗ್ರಾಂ ಪ್ರೋಟೀನು ಬೇಕು. ಅಷ್ಟನ್ನೂ ಉಂಡೆಯಿಂದಲೇ ಪಡೆಯಲು ಇಪ್ಪತ್ತೊಂದು ತಿನ್ನಬೇಕು, ಅಂದರೆ 3360 ಕ್ಯಾಲೊರಿ! ಮೊಟ್ಟೆ, ಮೊಸರು, ಕಾಳಿನ ಪಲ್ಯ ಆ ಕೆಲಸ ಮಾಡಲಿ. ಉಂಡೆಯನ್ನು ಉಂಡೆಯಾಗಿಯೇ ತಿನ್ನೋಣ. ಬೆಲ್ಲ ಎಷ್ಟು ತಿಂದರೂ ನಡೆಯುತ್ತದೆ ಎನ್ನುವವರ ಮಾತನ್ನೂ ನಂಬಬೇಡಿ. ಕ್ಯಾಲೊರಿಯಲ್ಲಿ ಅದು ಸಕ್ಕರೆಯ ಒಡಹುಟ್ಟು.

ಹಾಗಾದರೆ ಬಿಡುವುದು ಏನನ್ನು? ಚಹಾವನ್ನು ನೋಡಿ. ಸೇರಿಸಿದ ಸಿಹಿಯಿಂದ ದಿನದ ಶಕ್ತಿಯ ಶೇಕಡಾ 10ಕ್ಕಿಂತ ಹೆಚ್ಚು ಬರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2000 ಕ್ಯಾಲೊರಿ ಉಣ್ಣುವವನಿಗೆ ಅದು 50 ಗ್ರಾಂ. ದಿನಕ್ಕೆ ಐದು ಕಪ್ ಚಹಾ, ಕಪ್‌ಗೆ ಎರಡು ಚಮಚ ಸಕ್ಕರೆ ಎಂದರೆ ಉಂಡೆ ಮುಟ್ಟುವ ಮೊದಲೇ 40 ಗ್ರಾಂ ಖರ್ಚು. ಅದರ ರುಚಿ ನಾಲಿಗೆಗೆ ನೆನಪೂ ಇರುವುದಿಲ್ಲ. ಸಕ್ಕರೆ ಅರ್ಧಕ್ಕೆ ಇಳಿಸಿದರೆ ಅತ್ತೆಯ ಎರಡು ಉಂಡೆಗೂ ಜಾಗ ಸಿಗುತ್ತದೆ. ಆ ದಿನ ಒಂದು ರೊಟ್ಟಿಯೋ ಒಂದಿಷ್ಟು ಅನ್ನವೋ ಕಡಿಮೆಯಾಗಬೇಕು, ಅಷ್ಟೆ.

ಹೊತ್ತಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಭಾರ ಎತ್ತುವ ಮುಂಚೆ ಶೇಂಗಾ ಬೇಡ. ಅದರ ಎಣ್ಣೆ ನಿಧಾನವಾಗಿ ಅರಗುತ್ತದೆ, ಬಗ್ಗಿದಾಗ ತೇಗು ಬರುತ್ತದೆ. ಆಗ ಬಾಳೆಹಣ್ಣು ಸಾಕು. ಉಂಡೆ ಆಮೇಲೆ, ಊಟದ ಜೊತೆಗೆ. ಮಧುಮೇಹ ಇರುವವರು ಮಾತ್ರ ನನ್ನ ಮಾತು ಬಿಟ್ಟು ವೈದ್ಯರನ್ನು ಕೇಳಬೇಕು.

ವಾದಕ್ಕೆ ನಿಂತಿದ್ದ ಆ ಹುಡುಗ ಮರುದಿನ ಚಹಾದ ಅಂಗಡಿಯಲ್ಲಿ "ಸಕ್ಕರೆ ಕಡಿಮೆ ಹಾಕಿ" ಎಂದನಂತೆ. ಅಂಗಡಿಯವರು ಗಾಬರಿಯಿಂದ "ಈ ವಯಸ್ಸಿಗೇ ಶುಗರ್ ಬಂತೇನಪ್ಪಾ?" ಎಂದು ಕೇಳಿದರು.

"ಇಲ್ಲ ಕಾಕಾ, ಊರಿನಿಂದ ಉಂಡೆ ಬಂದಿದೆ."

ನಮಸ್ಕಾರ.