ಮೌಸ್ ಕುಂಟಿದರೆ ಮೊದಲು ಮಗುಚಿ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಮನೆ ಕಂಪ್ಯೂಟರಿನ ತೊಂದರೆಗಳ ಬಗ್ಗೆ ಕಾಲು ಗಂಟೆ ಮಾತಾಡಿ ಅಂತ ರೇಡಿಯೋದವರು ನನ್ನನ್ನು ಕರೆದಿದ್ದಾರೆ. ಇರೋ ಬರೋ ತೊಂದರೆಯನ್ನೆಲ್ಲ ಹೇಳುತ್ತಾ ಕೂತರೆ ನಾಳೆ ಬೆಳಗಿನ ಚಿಂತನದವರೆಗೂ ನಾನೇ ಮಾತಾಡಬೇಕಾಗುತ್ತೆ. ಅದಕ್ಕೇ ಒಂದನ್ನು ಮಾತ್ರ ಹಿಡಿದುಕೊಂಡು ಬಂದಿದ್ದೇನೆ. ಜಯನಗರದಲ್ಲಿ ನನ್ನದೊಂದು ಪುಟ್ಟ ರಿಪೇರಿ ಅಂಗಡಿ. ಫೋನ್ ಎತ್ತಿದರೆ ಸಾಕು, "ಮೇಡಂ, ಬಾಣ ಎಗರ್ತಾ ಇದೆ" ಅನ್ನೋ ದೂರು.

ಬಾಣ ಅಂದರೆ ಪರದೆಯ ಮೇಲೆ ಓಡಾಡುವ ಆ ಬಿಳಿ ಗುರುತು. ಕರ್ಸರ್ ಅಂತ ಕೆಲವರು, ಪಾಯಿಂಟರ್ ಅಂತ ಕೆಲವರು. ಗವಿಪುರದ ಒಬ್ಬ ಅಜ್ಜಿ "ಸೂಜಿ" ಅನ್ನುತ್ತಿದ್ದರು. ನನಗಂತೂ ಅದೇ ಇಷ್ಟ. ಆ ಸೂಜಿ ನೀವು ಎಳೆದ ಕಡೆ ನುಣ್ಣಗೆ ಹೋಗಬೇಕು. ಅದರ ಬದಲು ತಡೆದು ತಡೆದು ಹೋಗುತ್ತೆ, ಇಲ್ಲಿ ಇದ್ದದ್ದು ಟಣ್ಣಂತ ಅಲ್ಲಿಗೆ ಹಾರುತ್ತೆ, ಮೂಲೆಗೆ ಹೋಗಿ ಕೂತುಬಿಡುತ್ತೆ. ಆಗ ನೀವೆಲ್ಲ ಏನು ಮಾಡುತ್ತೀರಿ ನನಗೆ ಗೊತ್ತು. ಮೌಸನ್ನು ಮೇಜಿಗೆ ನಾಲ್ಕು ಸಲ ಕುಟ್ಟುತ್ತೀರಿ. ಆಮೇಲೆ "ವೈರಸ್ ಬಂದಿದೆ" ಅನ್ನುತ್ತೀರಿ.

ವೈರಸ್ ಅಲ್ಲ. ದಯವಿಟ್ಟು ಕುಟ್ಟಬೇಡಿ. ದೋಸೆ ಮಗುಚಿದ ಹಾಗೆ ಮೌಸನ್ನು ಮಗುಚಿ. ಮೊದಲು ಅದರ ಹೊಟ್ಟೆ ನೋಡಿ, ಆಮೇಲೆ ಅದು ಕೂತಿದ್ದ ಜಾಗ ನೋಡಿ. ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟೇ. ಆದರೆ ಇಷ್ಟೇ ಹೇಳಿ ಎದ್ದು ಹೋದರೆ ಯಾರೂ ಮಾಡೋದಿಲ್ಲ, ಆದ್ದರಿಂದ ಯಾಕೆ ಅಂತಲೂ ಹೇಳುತ್ತೇನೆ.

ಮೌಸ್ ಹುಟ್ಟಿದ್ದು 1964ರಲ್ಲಿ, ಅಮೆರಿಕದಲ್ಲಿ. ಡಗ್ಲಸ್ ಎಂಗೆಲ್‌ಬಾರ್ಟ್ ಅನ್ನುವವರ ಕಲ್ಪನೆ. ಮೊದಲನೆಯದು ಮರದ ಡಬ್ಬಿ. ಕೆಳಗೆ ಎರಡು ಚಕ್ರ, ಮೇಲೆ ಒಂದೇ ಗುಂಡಿ. ಆಮೇಲೆ ಚಕ್ರ ಹೋಗಿ ರಬ್ಬರ್ ಹೊದಿಸಿದ ಗುಂಡು ಬಂತು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ ಆ ಗುಂಡು ನೆನಪಿರಬೇಕು. ಹುಡುಗರು ಅದನ್ನು ಕದ್ದು ಗೋಲಿ ಆಡುತ್ತಿದ್ದರು. ಅದು ಮೇಜಿನ ಧೂಳನ್ನೆಲ್ಲ ಸುತ್ತಿಕೊಂಡು ಒಳಗಿನ ಉರುಳೆಗಳಿಗೆ ಮೆತ್ತುತ್ತಿತ್ತು; ಉಗುರಿನಲ್ಲಿ ಕೆರೆದು ತೆಗೆದರೆ ಸರಿಹೋಗುತ್ತಿತ್ತು. ಈಗಿನ ಮೌಸಿನಲ್ಲಿ ಗುಂಡು ಇಲ್ಲ, ಬೆಳಕು ಇದೆ. ಮಗುಚಿದರೆ ಸಾಮಾನ್ಯವಾಗಿ ಕೆಂಪಗೆ ಕಾಣುತ್ತೆ. ಕೆಲವು ಮೌಸುಗಳ ಬೆಳಕು ನಮ್ಮ ಕಣ್ಣಿಗೆ ಕಾಣೋದೇ ಇಲ್ಲ, ಗಾಬರಿಯಾಗಬೇಡಿ.

ಆ ಬೆಳಕಿನ ಪಕ್ಕ ಒಂದು ಪುಟಾಣಿ ಕ್ಯಾಮೆರಾ ಇದೆ. ಹೌದು, ಕ್ಯಾಮೆರಾನೇ. ಸಾಸಿವೆ ಕಾಳಿನಷ್ಟು ಜಾಗವನ್ನು ಸೆಕೆಂಡಿಗೆ ಸಾವಿರಾರು ಸಲ ಫೋಟೊ ತೆಗೆಯುತ್ತೆ. ಹಿಂದಿನ ಫೋಟೊ, ಈಗಿನ ಫೋಟೊ ಎರಡನ್ನೂ ಪಕ್ಕಪಕ್ಕ ಇಟ್ಟು, "ಈ ಚುಕ್ಕೆ ಅಲ್ಲಿತ್ತು, ಈಗ ಇಲ್ಲಿದೆ, ಹಾಗಾದರೆ ನಾನು ಇಷ್ಟು ಸರಿದಿದ್ದೇನೆ" ಅಂತ ಲೆಕ್ಕ ಹಾಕುತ್ತೆ. ನೀವು ಬಿಎಂಟಿಸಿ ಬಸ್ಸಿನ ಕಿಟಕಿಯಿಂದ ಬಗ್ಗಿ ರಸ್ತೆಯನ್ನೇ ನೋಡುತ್ತಿದ್ದೀರಿ ಅನ್ನಿ. ಗುಂಡಿ, ತೇಪೆ, ಬಿಳಿ ಪಟ್ಟಿ ಹಿಂದೆ ಹೋದರೆ ಬಸ್ ಮುಂದೆ ಹೋಯಿತು ಅಂತ ಗೊತ್ತಾಗುತ್ತೆ. ರಸ್ತೆ ಒಂದೂ ಕಲೆಯಿಲ್ಲದೆ ಕನ್ನಡಿಯ ಹಾಗಿದ್ದರೆ? ಬಸ್ ಹೊರಟಿದೆಯೋ ನಿಂತಿದೆಯೋ ಹೇಳೋಕಾಗಲ್ಲ. ನಮ್ಮ ಊರಿನ ರಸ್ತೆಗಳಿಗೆ ಆ ತೊಂದರೆ ಇಲ್ಲ ಬಿಡಿ. ನಿಮ್ಮ ಮೇಜಿಗೆ ಇರಬಹುದು.

ಇದಕ್ಕೊಂದು ಪ್ರಸಂಗ ಹೇಳಲೇಬೇಕು. ನಮ್ಮ ಅಂಗಡಿಗೆ ಬರುವವರೆಲ್ಲ ಇದನ್ನು ಕೇಳಿದ್ದಾರೆ, ಎರಡನೇ ಸಲ ಕೇಳುವವರು ಕ್ಷಮಿಸಿ.

ತ್ಯಾಗರಾಜನಗರದಲ್ಲಿ ಒಬ್ಬ ರಾಯರು. ಬ್ಯಾಂಕಿನಿಂದ ನಿವೃತ್ತರು, ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುಕಮ್ಮಿ ಆದರೂ ನಿದ್ದೆ ಮಾಡದವರು. ಅವರ ಮೌಸಿಗೆ ಒಂದು ವಿಚಿತ್ರ ಕಾಯಿಲೆ. ಬೆಳಗ್ಗೆ ಏಳರಿಂದ ಹತ್ತರವರೆಗೆ ಬೆಣ್ಣೆಯ ಹಾಗೆ ಓಡುತ್ತೆ. ಹತ್ತು ಗಂಟೆ ದಾಟಿತೋ, ಎಗರೋಕೆ ಶುರು. ರಾಯರು ಇದನ್ನೆಲ್ಲ ಡೈರಿಯಲ್ಲಿ ಬರೆದಿಟ್ಟಿದ್ದರು: ತಾರೀಖು, ಹೊತ್ತು, ಸೆಖೆ ಇತ್ತೋ ಇಲ್ಲವೋ, ಎಲ್ಲ. "ಬಿಸಿಲು ಏರಿದ ಹಾಗೆ ಇದು ಕೆಡುತ್ತಮ್ಮ, ಒಳಗೆ ಏನೋ ಕಾಯ್ತಾ ಇದೆ" ಅನ್ನೋದು ಅವರ ತೀರ್ಮಾನ.

ನನ್ನ ಹತ್ತಿರ ಬರುವ ಹೊತ್ತಿಗೆ ಆರು ತಿಂಗಳು ಕಳೆದಿತ್ತು. ವಿದೇಶದಲ್ಲಿರುವ ಮಗ ಫೋನಿನಲ್ಲೇ "ಡ್ರೈವರ್ ಅಪ್‌ಡೇಟ್ ಮಾಡಿ ಅಪ್ಪ" ಅಂದಿದ್ದ, ಮಾಡಿದ್ದರು. ಪಕ್ಕದ ಮನೆ ಹುಡುಗ ಆ್ಯಂಟಿವೈರಸ್ ಕಿತ್ತು ಹಾಕಿದ್ದ. ಇನ್ಯಾರೋ ರಿಪೇರಿಯವರು ಕಂಪ್ಯೂಟರನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ ದುಡ್ಡು ತೆಗೆದುಕೊಂಡು ಹೋಗಿದ್ದರು. ಮೊಮ್ಮಗಳ ನಾಮಕರಣದ ಫೋಟೊಗಳೂ ಅದರ ಜೊತೆಗೇ ಹೋದವು. ಎಸ್.ಪಿ. ರೋಡಿಗೆ ಹೋಗಿ ಎರಡು ಹೊಸ ಮೌಸ್ ತಂದಿದ್ದರು. ಎರಡನೆಯದು ಹುಡುಗರು ಆಟ ಆಡೋದು, ಏಳು ಬಣ್ಣದ ಲೈಟು. ಅದೂ ಹತ್ತು ಗಂಟೆ ದಾಟಿದರೆ ಕುಂಟುತ್ತಿತ್ತು, ಲೈಟ್ ಹಾಕಿಕೊಂಡೇ ಕುಂಟುತ್ತಿತ್ತು.

ನಾನು ಹೋದದ್ದು ಬೆಳಗ್ಗೆ ಎಂಟೂವರೆಗೆ. ಮೌಸ್ ಹಿಡಿದೆ, ಚಿನ್ನದಂಥ ಓಟ. "ನಿನ್ನ ನೋಡಿ ಹೆದರಿದೆ ನೋಡು" ಅಂದರು ರಾಯರು. ಕಾಫಿ ಕುಡಿದು ವಾಪಸ್ ಬಂದೆ. ಮಾರನೇ ದಿನ ಹನ್ನೊಂದಕ್ಕೆ ಫೋನ್: "ಈಗ ಬಾಮ್ಮ, ಈಗ ಎಗರ್ತಾ ಇದೆ, ಬೇಗ ಬಾ." ಹೋದೆ. ನಿಜ, ಎಗರುತ್ತಿತ್ತು. ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅವರ ಡೈರಿ ನೋಡಿ ನನಗೂ ತಲೆ ಕೆಟ್ಟಿತ್ತು. ವೈರ್ ಚುಚ್ಚುವ ಪೋರ್ಟ್ ಬದಲಾಯಿಸಿದೆ. ಸೆಟ್ಟಿಂಗ್ಸ್ ತೆಗೆದೆ. ಕರೆಂಟಿನ ವೋಲ್ಟೇಜ್ ನೋಡಿದೆ. ಅಕ್ಕಪಕ್ಕದವರ ವೈಫೈ ಮೇಲೂ ಅನುಮಾನ ಪಟ್ಟೆ. ಮುಕ್ಕಾಲು ಗಂಟೆ. ಮೌಸನ್ನು ಮಗುಚಿ ನೋಡಲಿಲ್ಲ!

ಅಷ್ಟರಲ್ಲಿ ರಾಯರ ಮನೆಯವರು ಮೆಂತ್ಯದ ಸೊಪ್ಪು ಬಿಡಿಸೋಕೆ ಅಂತ ಅವತ್ತಿನ ಪೇಪರ್ ಹಿಡಿದುಕೊಂಡು ಬಂದು ಕೂತರು. ಎರಡು ನಿಮಿಷ ನಮ್ಮ ಒದ್ದಾಟ ನೋಡಿದರು. ಆಮೇಲೆ ತಲೆ ಎತ್ತದೇ ಅಂದರು: "ಬೆಳಗ್ಗೆ ಪೇಪರ್ ಮೇಲೆ ಇಟ್ಟುಕೊಂಡು ಓಡಿಸ್ತೀರಲ್ಲ, ಹಾಗೇ ಓಡಿಸಿ ನೋಡ್ರೀ."

ರಾಯರು ನನ್ನ ಮುಖ ನೋಡಿದರು. ನಾನು ಮೇಜು ನೋಡಿದೆ. ಮೇಜಿನ ತುಂಬ ದಪ್ಪ ಗಾಜು. ಅದರ ಕೆಳಗೆ ಮದುವೆ ಫೋಟೊ, ತಿರುಪತಿ ಫೋಟೊ, ಎಲ್‌ಐಸಿ ರಸೀದಿ, ಮಗನ ಕಾನ್ವೊಕೇಶನ್. ನಮ್ಮ ಮನೆಗಳಲ್ಲಿ ಇರೋ ಹಾಗೇ. ರಾಯರು ಬೆಳಗ್ಗೆ ಆ ಗಾಜಿನ ಮೇಲೆ ಪೇಪರ್ ಹಾಸಿಕೊಂಡು ಓದುತ್ತಾ, ಅದರ ಮೇಲೇ ಮೌಸ್ ಇಟ್ಟುಕೊಂಡು ಮೇಲ್ ನೋಡುತ್ತಿದ್ದರು. ಹತ್ತು ಗಂಟೆಗೆ ಮನೆಯವರು ಬಂದು ಪೇಪರ್ ಎತ್ತಿಕೊಂಡು ಹೋಗುತ್ತಿದ್ದರು. ಅಷ್ಟೇ! ಬಿಸಿಲೂ ಅಲ್ಲ, ವೋಲ್ಟೇಜೂ ಅಲ್ಲ.

ಪೇಪರಿನ ಮೇಲೆ ಅಕ್ಷರ ಇದೆ, ನಾರು ಇದೆ, ಕ್ಯಾಮೆರಾಕ್ಕೆ ಹಬ್ಬ. ಗಾಜಿನ ಮೇಲೆ ನೋಡೋಕೆ ಏನೂ ಇಲ್ಲ. ಕೆಳಗಿನ ಮದುವೆ ಫೋಟೊ ಇದೆಯಲ್ಲ ಅನ್ನುತ್ತೀರಿ. ಅದು ಗಾಜಿನ ದಪ್ಪದಷ್ಟು ಆಳದಲ್ಲಿದೆ, ಅಷ್ಟು ದೂರದ್ದು ಆ ಕಣ್ಣಿಗೆ ಮಸುಕು. ಗಾಜಿನ ಮೇಲೆ ಅಲ್ಲಲ್ಲಿ ಇರುವ ಧೂಳು, ಬೆರಳಚ್ಚು ಹಿಡಿದುಕೊಂಡು ಸ್ವಲ್ಪ ಓಡುತ್ತೆ, ಅದು ತಪ್ಪಿದ ಕಡೆ ಎಗರುತ್ತೆ. ರಾಯರ ಡೈರಿಯಲ್ಲಿ "ಶುಕ್ರವಾರ ಹೆಚ್ಚು" ಅಂತ ಇತ್ತು. ಯಾಕೆ ಗೊತ್ತಾ? ಶುಕ್ರವಾರ ಮನೆಯವರು ಗಾಜನ್ನು ಫಳಫಳ ಒರೆಸುತ್ತಿದ್ದರು.

ಆರು ತಿಂಗಳ ಕಾಯಿಲೆಗೆ ಔಷಧ ಹಳೇ ಕ್ಯಾಲೆಂಡರಿನ ರಟ್ಟು. ಮಕ್ಕಳ ಪುಸ್ತಕಕ್ಕೆ ಹಾಕುವ ಬ್ರೌನ್ ಪೇಪರ್ ಆದರೂ ಆಗುತ್ತೆ. ಬಟ್ಟೆಯ ಮೌಸ್ ಪ್ಯಾಡ್ ಇದ್ದರಂತೂ ಬಹಳ ಒಳ್ಳೆಯದು. ಗಾಜಿನ ಮೇಲೂ ಓಡುವ ದುಬಾರಿ ಮೌಸುಗಳು ಬಂದಿವೆ, ನಿಜ. ರಟ್ಟು ಇರುವಾಗ ಅದೇಕೆ? ಕಪ್ಪು ಗ್ರಾನೈಟ್, ಹೊಳೆಯುವ ಸನ್‌ಮೈಕಾ, ಎಣ್ಣೆ ಸವರಿದಂಥ ಟೇಬಲ್ ಕವರ್, ಇವೂ ಗಾಜಿನ ತಮ್ಮಂದಿರೇ.

ಸರಿ, ಜಾಗ ಆಯಿತು. ಈಗ ಹೊಟ್ಟೆ. ಮೌಸ್ ಮಗುಚಿದಾಗ ಬೆಳಕು ಬರುವ ಕಿಂಡಿಯನ್ನು ಕಿಟಕಿ ಹತ್ತಿರ ಹಿಡಿದು ನೋಡಿ. ಒಂದು ತಲೆಗೂದಲು ಅಡ್ಡ ಬಂದಿದ್ದರೆ ಸಾಕು, ಬಾಣ ನಡುಗುತ್ತೆ. ಊದುಬತ್ತಿಯ ಬೂದಿ, ಬೆಕ್ಕಿನ ಕೂದಲು, ಚಕ್ಕುಲಿ ಚೂರು, ಎಲ್ಲವನ್ನೂ ನಾನು ಅಲ್ಲಿಂದ ತೆಗೆದಿದ್ದೇನೆ. ವೈರ್ ಕಿತ್ತು, ವೈರ್ ಇಲ್ಲದ್ದಾದರೆ ಸ್ವಿಚ್ ಆಫ್ ಮಾಡಿ, ಕಿವಿಗೆ ಹಾಕುವ ಹತ್ತಿಯ ಬಡ್ಸಿನಿಂದ ಮೆಲ್ಲಗೆ ಒರೆಸಿ. ಒಣ ಹತ್ತಿಯೇ ಸಾಕು. ನೀರು ಬೇಡ. ದೇವರ ಪಾತ್ರೆ ತೊಳೆಯುವ ಪುಡಿಯನ್ನಂತೂ ಹಾಕಲೇಬೇಡಿ; ಒಬ್ಬರು ಹಾಕಿದ್ದರು.

ಇಷ್ಟು ಮಾಡಿಯೂ ಎಗರಿದರೆ ಮಾತ್ರ ಮುಂದಕ್ಕೆ ಹೋಗಿ. ಸ್ಟುಡಿಯೋ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಬೇಗ ಹೇಳುತ್ತೇನೆ.

ವೈರ್ ಇರುವ ಮೌಸಾದರೆ, ವೈರು ಮೌಸಿನೊಳಗೆ ಹೋಗುವ ಕತ್ತನ್ನು ಮೆಲ್ಲಗೆ ಅಲುಗಿಸಿ. ಬಾಣ ಆಗಲೇ ನಿಂತು, ಕಂಪ್ಯೂಟರ್ "ಟಿಂಗ್ ಟಾಂಗ್" ಅಂತ ಸದ್ದು ಮಾಡಿದರೆ ಒಳಗೆ ವೈರು ಹರಿದಿದೆ. ಆಗ ಹೊಸ ಮೌಸ್ ತಗೊಳ್ಳಿ, ನಾನೇ ಹೇಳುತ್ತೇನೆ.

ವೈರ್ ಇಲ್ಲದ ಮೌಸಾದರೆ, ಮೊದಲು ಸೆಲ್ ಬದಲಾಯಿಸಿ. ಟಿವಿ ರಿಮೋಟಿನಿಂದ ತೆಗೆದ ಅರ್ಧ ಸತ್ತ ಸೆಲ್ ಅಲ್ಲ, ಹೊಸದು. ಆಮೇಲೆ ಆ ಉಗುರಿನಷ್ಟು ರಿಸೀವರ್ ಎಲ್ಲಿ ಚುಚ್ಚಿದ್ದೀರಿ ನೋಡಿ. ಸಿಪಿಯು ಡಬ್ಬಿ ಮೇಜಿನ ಕೆಳಗೆ, ರಿಸೀವರ್ ಅದರ ಹಿಂಬದಿ, ಗೋಡೆ ಕಡೆ ಮುಖ, ನಡುವೆ ತಗಡು. ಪಾಪ, ಮೌಸಿನ ಮಾತು ಅದಕ್ಕೆ ಹೇಗೆ ಕೇಳಬೇಕು? ಈ ಮೌಸುಗಳು ಮಾತಾಡೋದು 2.4 ಗಿಗಾಹರ್ಟ್ಸ್‌ನ ರೇಡಿಯೋ ಅಲೆಯಲ್ಲಿ. ನಿಮ್ಮ ವೈಫೈ, ಬ್ಲೂಟೂತ್, ಅಡುಗೆಮನೆಯ ಮೈಕ್ರೋವೇವ್ ಎಲ್ಲದರದ್ದೂ ಅದೇ ಓಣಿ. ಇನ್ನೊಂದು, ನೀಲಿ ಬಣ್ಣದ ಯುಎಸ್‌ಬಿ ಪೋರ್ಟ್ ಇರುತ್ತಲ್ಲ, ಯುಎಸ್‌ಬಿ 3, ಅದಕ್ಕೆ ಹಾರ್ಡ್ ಡಿಸ್ಕ್ ಹಾಕಿ ಫೋಟೊ ಕಾಪಿ ಮಾಡುತ್ತಿದ್ದರೆ ಅದೂ ಅದೇ ಓಣಿಯಲ್ಲಿ ಗಲಾಟೆ ಎಬ್ಬಿಸುತ್ತೆ. ಇದನ್ನು 2012ರಲ್ಲಿ ಇಂಟೆಲ್ ಕಂಪನಿಯೇ ಅಳೆದು ಬರೆದಿದೆ. ಪರಿಹಾರ ಏನು? ರಿಸೀವರನ್ನು ಮುಂಬದಿಗೆ ಹಾಕಿ, ನೀಲಿ ಪೋರ್ಟಿನಿಂದ ದೂರ. ಇಲ್ಲವೇ ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ತಂದು ರಿಸೀವರನ್ನು ಮೇಜಿನ ಮೇಲೇ ಕೂರಿಸಿ.

ತಪ್ಪು ಕಂಪ್ಯೂಟರಿನದ್ದೇ ಅಂತ ತಿಳಿಯೋದು ಹೇಗೆ? ಕೀಬೋರ್ಡಿನಲ್ಲಿ ಒಂದು ಸಾಲು ಟೈಪ್ ಮಾಡಿ. ಅಕ್ಷರ ಒತ್ತಿದ ಕೂಡಲೇ ಬಂದರೆ ತಪ್ಪು ಮೌಸಿನ ಕಡೆ. ಮತ್ತೆ ಮಗುಚಿ ನೋಡಿ. ಅಕ್ಷರವೂ ನಿಂತು ನಿಂತು ಬಂದರೆ, ಹಾಡೂ ತಡವರಿಸಿದರೆ, ಕಂಪ್ಯೂಟರಿಗೇ ಉಸಿರು ಕಟ್ಟಿದೆ. ವಿಂಡೋಸ್ ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಸಿಪಿಯು ಅಥವಾ ಡಿಸ್ಕ್ ನೂರಕ್ಕೆ ನೂರು ತೋರಿಸುತ್ತಿದ್ದರೆ ಯಾವುದು ತಿನ್ನುತ್ತಿದೆ ಅಂತ ಹೆಸರೂ ಅಲ್ಲೇ ಇರುತ್ತೆ. ಅಪ್‌ಡೇಟ್ ಆಗುತ್ತಿದ್ದರೆ ಎದ್ದು ಹೋಗಿ ಒಂದು ಕಾಫಿ ಕುಡಿದು ಬನ್ನಿ. ಫಾರ್ಮ್ಯಾಟ್ ಅನ್ನುವ ಮಾತನ್ನು ಬಾಯಿಂದ ತೆಗೆಯಬೇಡಿ.

ಕೊನೆಯದಾಗಿ ಲ್ಯಾಪ್‌ಟಾಪಿನವರಿಗೆ. ಬೆರಳಾಡಿಸುವ ಟಚ್‌ಪ್ಯಾಡಿನಲ್ಲಿ ಬಾಣ ಹುಚ್ಚಾಪಟ್ಟೆ ಕುಣಿದರೆ, ಚಾರ್ಜರ್ ಕಿತ್ತು ನೋಡಿ. ಕಿತ್ತ ಕೂಡಲೇ ತೆಪ್ಪಗಾದರೆ ತೊಂದರೆ ಕರೆಂಟಿನ ಕಡೆ: ಅರ್ತಿಂಗ್ ಇಲ್ಲದ ಪ್ಲಗ್ಗು, ಇಲ್ಲವೇ ರಸ್ತೆ ಬದಿಯಲ್ಲಿ ಕೊಂಡ ಅಗ್ಗದ ಚಾರ್ಜರು. ಟಚ್‌ಪ್ಯಾಡ್ ನಿಮ್ಮ ಬೆರಳಿನ ಸೂಕ್ಷ್ಮ ವಿದ್ಯುತ್ತನ್ನು ನೋಡುತ್ತೆ, ಚಾರ್ಜರ್ ಅದರೊಳಗೆ ಗದ್ದಲ ತುಂಬುತ್ತೆ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ನನ್ನನ್ನಲ್ಲ, ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಇವತ್ತೇ ಕರೆಸಿ.

ಹೊತ್ತಾಯಿತು. ಇನ್ನೂ ಡಬಲ್ ಕ್ಲಿಕ್ಕಿನ ಕಾಟದ ಬಗ್ಗೆ ಹೇಳಬೇಕಿತ್ತು, ರಾಯರು ಅದರ ಹೊತ್ತನ್ನೂ ತಿಂದುಬಿಟ್ಟರು. ರಾಯರೇ, ಕೇಳುತ್ತಿದ್ದರೆ ರಟ್ಟು ಈಗ ಸವೆದಿರಬೇಕು, ಈ ವರ್ಷದ ಕ್ಯಾಲೆಂಡರ್ ಮುಗಿದ ಮೇಲೆ ಬದಲಾಯಿಸಿ. ನಮಸ್ಕಾರ.