ಗಾಳಿಗೆ ಹಲಗೆ ಹೊಡೆಯಬಹುದು, ನೀರಿಗೆ?

ಚಂಡಮಾರುತ ಬರುತ್ತಿದೆ, ಮನೆಯ ಕಿಟಕಿಗಳಿಗೆ ಹಲಗೆ ಹೊಡೆಯುತ್ತಿದ್ದೇನೆ. ಈ ವಿಡಿಯೋದಲ್ಲಿ ಈಗ ನೀವು ನೋಡುತ್ತಿರುವುದು ಅಡುಗೆಮನೆಯ ಎಡ ಕಿಟಕಿ. ಹೊಡೆಯುತ್ತಿರುವುದು 16 ಮಿಲಿಮೀಟರ್ ದಪ್ಪದ ಪ್ಲೈವುಡ್. ಅಳತೆಗೆ ಕತ್ತರಿಸಿ, ತೂತು ಕೊರೆದು, ಯಾವ ಹಲಗೆ ಯಾವ ಕಿಟಕಿಗೆಂದು ಮಾರ್ಕರಿನಲ್ಲಿ ಬರೆದಿಟ್ಟದ್ದು ಜೂನ್ 1ಕ್ಕೆ ಹರಿಕೇನ್ (ಅಟ್ಲಾಂಟಿಕ್ ಕಡೆಯ ಚಂಡಮಾರುತ) ಋತು ಶುರುವಾಗುವ ಮುಂಚೆಯೇ. ಹಾಗಾಗಿ ಇವತ್ತು ಸ್ಕ್ರೂ ತಿರುಗಿಸುವ ಕೆಲಸ ಮಾತ್ರ. ಗಾಜಿನ ಮೇಲೆ ಅಡ್ಡಡ್ಡ ಟೇಪು ಅಂಟಿಸಿ ನಿಶ್ಚಿಂತೆಯಾಗಿರುವವರು ಈಗಲೂ ಇದ್ದಾರೆ. ಟೇಪು ಗಾಜನ್ನು ಉಳಿಸುವುದಿಲ್ಲ, ಒಡೆದಾಗ ಹಾರಿಬರುವ ಚೂರುಗಳನ್ನು ಇನ್ನಷ್ಟು ದೊಡ್ಡದಾಗಿಸುತ್ತದೆ.

ಆತುರಕ್ಕೆ ಕಾರಣವಿದೆ. ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ 'ವಾರ್ನಿಂಗ್' ಕೊಟ್ಟಾಗ ಸಿಗುವುದು ಸುಮಾರು 36 ಗಂಟೆ. ಆ ಲೆಕ್ಕ ಚಂಡಮಾರುತ ದಡಕ್ಕೆ ಬಡಿಯುವ ಹೊತ್ತಿನದಲ್ಲ. ಗಂಟೆಗೆ 63 ಕಿಲೋಮೀಟರ್ ವೇಗದ ಗಾಳಿ ಶುರುವಾಗುವ ಹೊತ್ತಿನದು. ಆಮೇಲೆ ಏಣಿ ಹತ್ತುವ ಮಾತೇ ಇಲ್ಲ.

ಅಮ್ಮನದು ಒಂದೇ ವಾದ: "ಇಷ್ಟು ಭದ್ರ ಮಾಡಿದ ಮೇಲೆ ಮನೆ ಬಿಟ್ಟು ಹೋಗುವುದೇಕೆ?" ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಹಲಗೆ ಇರುವುದು ಗಾಳಿಗೆ. ಸುದ್ದಿಯಲ್ಲಿ ಹೇಳುವ ಒಂದರಿಂದ ಐದರ 'ಕೆಟಗರಿ' ಕೂಡ ಗಾಳಿಯ ವೇಗವನ್ನಷ್ಟೇ ಅಳೆಯುತ್ತದೆ. ಗಾಳಿ ದೂಡಿ ತರುವ ಸಮುದ್ರದ ಬಗ್ಗೆ ಅದು ಏನೂ ಹೇಳುವುದಿಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತ ದಡ ಮುಟ್ಟಿದಾಗ ಕೆಟಗರಿ 3ರಲ್ಲಿತ್ತು. ಆದರೂ ಅಮೆರಿಕದ ಮಿಸಿಸಿಪಿ ರಾಜ್ಯದ ಕರಾವಳಿಯಲ್ಲಿ ನೀರು 8 ಮೀಟರಿಗೂ ಮೇಲೇರಿತು. ಒಂದು ಘನಮೀಟರ್ ನೀರಿನ ತೂಕವೇ ಒಂದು ಟನ್. ಅದಕ್ಕೆ ಅಡ್ಡ ನಿಲ್ಲುವ ಪ್ಲೈವುಡ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತಗ್ಗಿನಲ್ಲಿರುವ ಮನೆಗೆ ತೆರವಿನ ಆದೇಶ ಬಂತೆಂದರೆ ಹೊರಡುವುದೇ ಸಿದ್ಧತೆಯ ಮುಖ್ಯ ಭಾಗ. ನನ್ನ ಮಟ್ಟಿಗೆ ಇದರಲ್ಲಿ ಚರ್ಚೆಯಿಲ್ಲ.

ಅಮ್ಮ ಒಪ್ಪಿದರು, ಗೊಣಗುತ್ತಲೇ. ಅವರ ಇನ್ಸುಲಿನ್ ಐಸಿಗೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಿ ಡಬ್ಬಿಗೆ ಇಳಿಸುತ್ತಿದ್ದೇನೆ. ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು. ಆಸ್ತಿಪತ್ರ, ವಿಮೆ ಕಾಗದ, ಪಾಸ್‌ಪೋರ್ಟ್ ಜಿಪ್ ಚೀಲಕ್ಕೆ. ಕುಡಿಯುವ ನೀರು ತಲೆಗೆ ದಿನಕ್ಕೆ 4 ಲೀಟರ್ ಲೆಕ್ಕದಲ್ಲಿ ಕಾರಿಗೆ. ಮಗಳ ಚೀಲದಲ್ಲಿ ಬಟ್ಟೆಗಿಂತ ಬಣ್ಣದ ಪೆನ್ಸಿಲ್‌ಗಳೇ ಹೆಚ್ಚಿವೆ. ಇರಲಿ, ಪರಿಹಾರ ಕೇಂದ್ರದಲ್ಲಿ ಹೊತ್ತು ಹೋಗಬೇಕಲ್ಲ.

ಫ್ರೀಜರಿನಲ್ಲಿ ಈ ಲೋಟ ಕಾಣಿಸುತ್ತಿದೆಯೇ? ನೀರು ಪೂರ್ತಿ ಹೆಪ್ಪುಗಟ್ಟಿದ ಮೇಲೆ ಆ ಐಸಿನ ಮೇಲೆ ಒಂದು ನಾಣ್ಯ ಇಟ್ಟಿದ್ದೇನೆ. ವಿದ್ಯುತ್ ಹೋದರೆ, ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ದರೆ ಸುಮಾರು 48 ಗಂಟೆ ತಣ್ಣಗಿರುತ್ತದೆ. ಮರಳಿ ಬಂದಾಗ ನಾಣ್ಯ ತಳ ಸೇರಿದ್ದರೆ ಒಳಗಿನದೆಲ್ಲ ಕರಗಿ, ವಿದ್ಯುತ್ ಬಂದ ಮೇಲೆ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಎಲ್ಲವೂ ಕಸಕ್ಕೆ.

ಜನರೇಟರ್ ಕೂಡ ಮರಳಿ ಬಂದ ಮೇಲಿನ ಮಾತು. ಅದನ್ನು ಮನೆಯಿಂದ ಕನಿಷ್ಠ 6 ಮೀಟರ್ ಆಚೆ, ಹೊಗೆ ಕಿಟಕಿಯ ಕಡೆ ತಿರುಗದಂತೆ ಇಡಬೇಕು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಚಂಡಮಾರುತದಿಂದ ಪಾರಾದವರು ಇದರಿಂದ ಸತ್ತದ್ದುಂಟು. ಗ್ಯಾರೇಜಿನ ಬಾಗಿಲು ತೆರೆದಿಟ್ಟರೆ ಸಾಲದೇ ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ: ಸಾಲದು.