ನೆಲ ನಡುಗಿದವರಿಗೆ ಸಿಕ್ಕ ಕಾಗದ

ಕೇಳುಗರೇ, ನಮಸ್ಕಾರ.

1811ರ ಡಿಸೆಂಬರ್ 16. ಬೆಳಗಿನ ಜಾವ ಎರಡು ಗಂಟೆಯ ಹೊತ್ತು. ಅಮೆರಿಕದ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ನ್ಯೂ ಮ್ಯಾಡ್ರಿಡ್ ಅನ್ನೋ ಸಣ್ಣ ಊರು ಮಲಗಿತ್ತು. ಆಗ ಆ ದೇಶದ ಪಶ್ಚಿಮದ ಗಡಿಸೀಮೆ ಅದು. ಫ್ರಾನ್ಸ್‌ನಿಂದ ಆ ಪ್ರದೇಶವನ್ನು ಕೊಂಡು ಎಂಟೇ ವರ್ಷ ಆಗಿತ್ತು. ಇದ್ದಕ್ಕಿದ್ದಂತೆ ನೆಲ ನಡುಗಿತು. ಜನ ಕತ್ತಲಲ್ಲೇ ಮನೆ ಬಿಟ್ಟು ಓಡಿದರು. ಅದು ಅಲ್ಲಿಗೇ ಮುಗಿಯಲಿಲ್ಲ. ಜನವರಿ 23ಕ್ಕೆ ಇನ್ನೊಂದು ದೊಡ್ಡ ಕಂಪನ. ಫೆಬ್ರವರಿ 7ಕ್ಕೆ ಮತ್ತೊಂದು. ನದಿ ಸ್ವಲ್ಪ ಹೊತ್ತು ಹಿಂದಕ್ಕೆ ಹರಿದಂತೆ ಕಂಡಿತು ಅಂತ ದೋಣಿಯವರು ಹೇಳಿದ್ದಾರೆ. ಟೆನೆಸ್ಸಿಯ ಕಡೆ ಒಂದು ತಗ್ಗಿನಲ್ಲಿ ನೀರು ನಿಂತು ರೀಲ್‌ಫುಟ್ ಅನ್ನೋ ಸರೋವರವೇ ಆಯಿತು. ಅದು ಇವತ್ತಿಗೂ ಇದೆ.

ಮನೆ ಬಿದ್ದರೆ ಮತ್ತೆ ಕಟ್ಟಬಹುದು. ಹೊಲ ಕೆಟ್ಟರೆ ರೈತ ಏನು ಮಾಡಬೇಕು? ಅಲ್ಲಿ ನೆಲದಡಿ ನೀರು ತುಂಬಿದ ಮರಳಿನ ಪದರ ಇತ್ತು. ಕಂಪನಕ್ಕೆ ಆ ಮರಳು ಗಂಜಿಯಂತಾಗಿ, ಬಿರುಕುಗಳಿಂದ ಮೇಲಕ್ಕೆ ಚಿಮ್ಮಿತು. ಕಪ್ಪು ಮಣ್ಣಿನ ಮೇಲೆ ಬಿಳಿ ಮರಳು ಹರಡಿಕೊಂಡಿತು. ಕೆಲವು ಹೊಲ ಕುಸಿದು ಜೌಗಾದವು. ಲಿಟಲ್ ಪ್ರೇರಿ ಅನ್ನೋ ಪಕ್ಕದ ಊರಿನವರು ನೀರಿನಲ್ಲೇ ಕಾಲೆಳೆದುಕೊಂಡು ನಡೆದು ಜೀವ ಉಳಿಸಿಕೊಂಡರು.

ಸರಿ, ಸರ್ಕಾರ ಏನು ಮಾಡಿತು? ಇಲ್ಲಿ ಒಂದು ವಿಷಯ ನನ್ನನ್ನು ತುಂಬಾ ಕಾಡುತ್ತದೆ. 1812ರ ಮಾರ್ಚ್‌ನಲ್ಲಿ ವೆನಿಜುವೆಲಾದ ಕರಾಕಸ್ ನಗರ ಭೂಕಂಪಕ್ಕೆ ನೆಲಸಮ ಆಯಿತು. ಅಮೆರಿಕದ ಸಂಸತ್ತು ಮೇ ತಿಂಗಳಲ್ಲೇ 50,000 ಡಾಲರ್ ಮಂಜೂರು ಮಾಡಿ ಆಹಾರ ಕಳಿಸಿತು. ಒಳ್ಳೆಯ ಕೆಲಸವೇ. ಆದರೆ ತನ್ನದೇ ಗಡಿಯ ಜನ ಮೂರು ವರ್ಷ ಕಾದರು. ನ್ಯೂ ಮ್ಯಾಡ್ರಿಡ್ ಸೇರಿದ್ದ ಮಿಸೌರಿ ಸೀಮೆಯ ಶಾಸನಸಭೆ 1814ರಲ್ಲಿ ನೆರವು ಬೇಕು ಅಂತ ಕೇಳಿಕೊಂಡಿತು. ಆಗ ಅಲ್ಲಿ ಗವರ್ನರ್ ಆಗಿದ್ದವರು ಪೆಸಿಫಿಕ್ ಸಮುದ್ರದವರೆಗೆ ಹೋಗಿಬಂದ ವಿಲಿಯಂ ಕ್ಲಾರ್ಕ್. ಕೊನೆಗೆ 1815ರ ಫೆಬ್ರವರಿ 17ಕ್ಕೆ ಕಾಯಿದೆ ಆಯಿತು.

ಆ ಕಾಯಿದೆಯಲ್ಲಿ ದುಡ್ಡಿಲ್ಲ, ಕಾಳಿಲ್ಲ. ಹಾಳಾದ ಜಮೀನನ್ನು ಸರ್ಕಾರಕ್ಕೆ ಬಿಟ್ಟುಕೊಡಿ, ಅಷ್ಟೇ ಜಮೀನನ್ನು ಮಾರಾಟಕ್ಕಿರುವ ಸರ್ಕಾರಿ ನೆಲದಲ್ಲಿ ಆರಿಸಿಕೊಳ್ಳಿ ಅಂತ ಇತ್ತು. ಚೂರು ನೆಲ ಕಳೆದುಕೊಂಡವನಿಗೂ ಕಡಿಮೆ ಅಂದರೆ 160 ಎಕರೆ, ಜಾಸ್ತಿ ಅಂದರೆ 640. ಕೇಳೋಕೆ ಎಷ್ಟು ಚೆನ್ನಾಗಿದೆ, ಅಲ್ವಾ? ಆದರೆ ಆ ನೆಲವೂ ಸುಮ್ನೆ ಖಾಲಿ ಬಿದ್ದಿದ್ದಲ್ಲ. ಮಿಸೌರಿಯ ಬಹುಭಾಗವನ್ನು 1808ರ ಒಪ್ಪಂದದಲ್ಲಿ ಓಸೇಜ್ ಬುಡಕಟ್ಟಿನವರಿಂದ ಪಡೆದಿದ್ದರು.

ಹೊಸ ನೆಲ ಆರಿಸಿಕೊಳ್ಳಲು ಬೇಕಾದ ಹಕ್ಕುಪತ್ರ ಕೊಡುವ ಕಚೇರಿ ಇದ್ದದ್ದು ನದಿಯ ಮೇಲ್ಗಡೆ, ದೂರದ ಸೇಂಟ್ ಲೂಯಿಸ್‌ನಲ್ಲಿ. ಕಾಯಿದೆಯ ಸುದ್ದಿಯೂ ಅಲ್ಲಿಯ ವ್ಯಾಪಾರಿಗಳಿಗೇ ಮೊದಲು ತಿಳಿಯಿತು. ಅವರು ಲಗುಬಗೆಯಿಂದ ನ್ಯೂ ಮ್ಯಾಡ್ರಿಡ್‌ಗೆ ಹೊರಟರು. ಪರಿಹಾರ ಬಂದಿದೆ ಅಂತಲೇ ಗೊತ್ತಿಲ್ಲದ ರೈತನ ಮುಂದೆ 40, 60 ಡಾಲರ್ ಇಟ್ಟು ಅವನ ಹಕ್ಕನ್ನು ಬರೆಸಿಕೊಂಡರು. ಮರಳು ತುಂಬಿದ ಹೊಲಕ್ಕೆ ಇಷ್ಟಾದರೂ ಸಿಕ್ಕಿತಲ್ಲ ಅಂತ ಅವನು ಒಪ್ಪಿರಬೇಕು. ಅವನನ್ನು ಹೇಗೆ ಬೈಯೋದು? ಆಗ ಸರ್ಕಾರಿ ನೆಲದ ಬೆಲೆ ಎಕರೆಗೆ ಎರಡು ಡಾಲರ್. 160 ಎಕರೆ ಅಂದರೆ 320 ಡಾಲರ್. ಲೆಕ್ಕ ನೀವೇ ಹಾಕಿ.

ಒಟ್ಟು 516 ಹಕ್ಕುಪತ್ರ ಕೊಟ್ಟರು. ಅದರಲ್ಲಿ ಮೂಲ ಮಾಲೀಕರ ಕೈಯಲ್ಲಿ ಉಳಿದಿದ್ದು ಬರೀ 20. ನೆರವು ಕೊಡಬೇಕು ಅನ್ನುವ ಮನಸ್ಸು ಸಂಸತ್ತಿಗೆ ಇರಲಿಲ್ಲ ಅಂತ ನಾನು ಹೇಳಲಾರೆ. ಆದರೆ ಕೈಯಿಂದ ಕೈಗೆ ಮಾರಬಹುದಾದ ಕಾಗದವನ್ನು ಹಸಿದವನಿಗೆ ಕೊಟ್ಟು, ಸುದ್ದಿಯನ್ನು ಮಾತ್ರ ಅವನ ಮನೆ ಬಾಗಿಲಿಗೆ ಮುಟ್ಟಿಸದೇ ಹೋದರಲ್ಲ, ಅದು ನನಗೆ ಸಂಕಟ ತರುತ್ತದೆ. ಒಂದೇ ಹೊಲವನ್ನು ಇಬ್ಬರು ಮೂವರಿಗೆ ಮಾರಿದವರಿದ್ದರು. ಸುಳ್ಳು ಪ್ರಮಾಣ ಮಾಡಿದವರೂ ಇದ್ದರು. ಕೊನೆಗೆ ಆ ಸೀಮೆಯಲ್ಲಿ ‘ನ್ಯೂ ಮ್ಯಾಡ್ರಿಡ್ ಕ್ಲೇಮ್’ ಅಂದರೆ ಮೋಸ ಅನ್ನುವ ಅರ್ಥವೇ ಬಂತು.

ವ್ಯಾಜ್ಯಗಳು ದಶಕಗಳ ಕಾಲ ನಡೆದವು. ಆರ್ಕನ್ಸಾದ ಹಾಟ್ ಸ್ಪ್ರಿಂಗ್ಸ್‌ನ ಬಿಸಿನೀರಿನ ಬುಗ್ಗೆಗಳ ಮೇಲೂ ಒಬ್ಬರು ಇಂಥದೇ ಹಕ್ಕುಪತ್ರ ಹಿಡಿದು ಹಕ್ಕು ಸಾಧಿಸಿದ್ದರು. ಆ ಜಾಗ ಸರ್ಕಾರದ್ದೇ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದ್ದು 1876ರಲ್ಲಿ. ಹೊಲ ಕಳೆದುಕೊಂಡವರಿಗಾಗಿ ಕಾಯಿದೆ ಮಾಡಿ ಅಷ್ಟು ಹೊತ್ತಿಗೆ 61 ವರ್ಷ ಕಳೆದಿತ್ತು.

ನಮಸ್ಕಾರ.